ದಸರೆಯೊಳಗ ಮುಗಿಸ್ತೀನಿ

ನಮ್ಮ ಧಾರವಾಡದ ಕಡೆ ಘಟ ಕೂಡಿಸುವ ಮುಂಚೆ ಮನೆಯ ಹಾಸಿಗೆ-ಹೊದಿಕೆಯೆಲ್ಲ ತೊಳೆದು ಒಣಗಬೇಕು. ಹಳ್ಳದ ದಂಡೆಗೆ ಗಂಟು ಹೊತ್ತೊಯ್ಯುವ ಕಾಲ ಹೋಯಿತಾದರೂ ಕೌದಿ ಮಾತ್ರ ಇನ್ನೂ ವಾಷಿಂಗ್ ಮಷೀನಿಗೆ ಬಗ್ಗಿಲ್ಲ. ಪದರು ಪದರು ಹತ್ತಿಬಟ್ಟೆ ನೀರು ಕುಡಿಯಿತೆಂದರೆ ಆ ಕಡೆ ಒಬ್ಬರು, ಈ ಕಡೆ ಒಬ್ಬರು ನಿಂತು ಹಿಂಡಬೇಕು. ನಮ್ಮ ಮನೆಯವರಿಗೆ ನಾನು ಈ ಕಷ್ಟ ಕೊಟ್ಟವಳಲ್ಲ. ನಾನು ಹೊಲಿಯುವ ಕೌದಿಗಳು ತೊಳೆಯುವ ಹಂತಕ್ಕೆ ಬರುವುದೇ ಇಲ್ಲ.

ಅವೆಲ್ಲ ಅಟ್ಟದ ಟ್ರಂಕಿನಲ್ಲಿವೆ. ಒಂದಕ್ಕೆ ಮೂರು ಅಂಚು ಮುಗಿದು ನಾಲ್ಕನೆಯದು ಬಾಯಿ ತೆರೆದುಕೊಂಡಿದೆ. ಇನ್ನೊಂದರಲ್ಲಿ ಚುಚ್ಚಿಟ್ಟ ಸೂಜಿ ಅಲ್ಲೇ ತುಕ್ಕು ಹಿಡಿದಿದೆ. ಮತ್ತೊಂದು ಹೊಲಿಗೆಯ ಹಂಗಿಲ್ಲದೆ ಬರೀ ಟಾಚಣಿಗಳ ಮೇಲೆ ಬದುಕಿದೆ; ಅದರ ಮೇಲೆ ಕೂತ ಬೀಗರು ಮಾತು ಮುಗಿಸದೆ ಎದ್ದರು.

ಕೌದಿ ಹೊಲಿಯುವುದು ಬ್ರಹ್ಮವಿದ್ಯೆಯೇನಲ್ಲ. ಕೆಳಗೊಂದು ಹಳೆಯ ಸೀರೆ ಹಾಸಿ, ಒಳಗೆ ಸವೆದ ಧೋತರ, ಹರಿದ ಲುಂಗಿ ಹರವಿ, ಮೇಲೆ ಬಣ್ಣದ ತುಂಡು ಜೋಡಿಸಿ, ಅಂಚಿನಿಂದ ಒಳಮುಖವಾಗಿ ಸಣ್ಣ ಓಟಹೊಲಿಗೆ ಹಾಕುತ್ತ ಬಂದರಾಯಿತು. ಹಿಂದೆ ಓಣಿಗೆ ಬರುತ್ತಿದ್ದ ಕೌದಿಯವರು ಕಟ್ಟೆಯ ಮೇಲೆ ಕೂತು, ಎಲೆ-ಅಡಿಕೆ ಮೆಲ್ಲುತ್ತ, ಊರ ಸುದ್ದಿ ಹೇಳುತ್ತಲೇ ಹೊಲಿದು ಮುಗಿಸಿ ಜೋಳ ಇಸಿದುಕೊಂಡು ಹೋಗುತ್ತಿದ್ದರು. ಊರ ಸುದ್ದಿಯ ಮಟ್ಟಿಗೆ ನಾನೂ ಅವರಿಗೆ ಕಡಿಮೆಯಿಲ್ಲ.

ನನ್ನ ಕೈ ಒಂದು ಕೌದಿಯ ಮೇಲಿದ್ದರೆ ಕಣ್ಣು ಮುಂದಿನದರ ಮೇಲೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿ ನೋಡಿ ಬಂದ ಮೇಲಂತೂ ನಿದ್ದೆ ಕೆಟ್ಟಿತು. ಅವರು ಮೂಲೆಯಿಂದ ಶುರುಮಾಡಿ ಅಂಚು ಹಿಡಿದು ಸುತ್ತು ಹಾಕುತ್ತ ನಡುವಿಗೆ ಬಂದು ಮುಟ್ಟುತ್ತಾರೆ. ಕೊನೆಗೆ ಮೂಲೆ ಮೂಲೆಗೂ ಬಟ್ಟೆ ಮಡಚಿ ‘ಫೂಲ’ ಇಡುತ್ತಾರೆ. ಅದಿಲ್ಲದ ಕೌದಿ ಅವರ ಲೆಕ್ಕದಲ್ಲಿ ಬತ್ತಲೆ. ಆ ಹೂವು ನನಗೆಷ್ಟು ಹಿಡಿಸಿತೆಂದರೆ, ಮನೆಗೆ ಬಂದವಳೇ ಮೊದಲು ನಾಲ್ಕು ಮೂಲೆಗೂ ಹೂವನ್ನೇ ಹೊಲಿದುಬಿಟ್ಟೆ. ನಡುವೆ ಏನೂ ಇಲ್ಲ. ತಲೆತುಂಬ ಮಲ್ಲಿಗೆ ಮುಡಿದು ಸೀರೆ ಉಡುವುದನ್ನೇ ಮರೆತವಳ ಹಾಗೆ ಅದೂ ಟ್ರಂಕು ಸೇರಿದೆ.

ಯಜಮಾನರಿಗೆ ಇದರ ಮಹತ್ವ ತಿಳಿಯಲೆಂದು ಒಮ್ಮೆ ಅಮೆರಿಕಾದ ಕಥೆ ಹೇಳಿದೆ. ಅಲಬಾಮಾದ ಗೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಣ್ಣುಮಕ್ಕಳು ಹೊಲಕ್ಕೆ ತೊಟ್ಟು ಸವೆದ ಬಟ್ಟೆಗಳನ್ನೇ ಕತ್ತರಿಸಿ ಹೊಲಿದ ಕೌದಿಗಳನ್ನು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನ ಗೋಡೆಗೆ ತೂಗುಹಾಕಿದರು. 2006ರಲ್ಲಿ ಅವುಗಳ ಅಂಚೆಚೀಟಿಯೂ ಬಂತು. ಎಲ್ಲ ಕೇಳಿ ಅವರು ಒಂದೇ ಪ್ರಶ್ನೆ ಹಾಕಿದರು: “ಅವರು ಮುಗಿಸಿದ್ರೇನು?”

ಅವರ ಸಿಟ್ಟಿಗೆ ಕಾರಣವಿದೆ. ಕೌದಿಗೆ ಹಳೆಯ ಹತ್ತಿಯೇ ಬೇಕು; ಸವೆದಷ್ಟೂ ಮೆತ್ತಗೆ. ಸಿಂಥೆಟಿಕ್ ಸೇರಿಸಿದರೆ ಬಟ್ಟೆ ಜಾರುತ್ತದೆ, ಹೊದ್ದವರು ಬೆವರುತ್ತಾರೆ. ನನ್ನ ಕಪಾಟಿನ ತುಂಬ ಇರುವುದೋ ಬರೀ ಸಿಂಥೆಟಿಕ್. ಹೀಗಾಗಿ ಮುಂದೆ ಎಂದಾದರೂ ಹಳೆಯದಾಗಲಿ ಎಂದು ಹೊಸ ಹತ್ತಿ ಇಳಕಲ್ ಸೀರೆ ಕೊಳ್ಳತೊಡಗಿದೆ. ಚಿಂದಿಯಿಂದ ಹೊದಿಕೆ ಮಾಡಿಕೊಂಡು ದುಡ್ಡು ಉಳಿಸುವ ವಿದ್ಯೆ ನಮ್ಮ ಮನೆಯಲ್ಲಿ ಚಿಂದಿಗಾಗಿ ಸಾಲ ಮಾಡುವ ಮಟ್ಟಕ್ಕೆ ಬೆಳೆದಿದೆ. ಸೀರೆ ಸವೆಯುವವರೆಗೆ ಕಾಯುವ ತಾಳ್ಮೆ ಇಲ್ಲದಾಗ ಅವರ ಧೋತರವನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. “ಅದನ್ನಿನ್ನೂ ನಾ ಉಡೂದೈತಿ!” ಎಂದು ಬಚ್ಚಲಿನಿಂದಲೇ ಕೂಗುತ್ತಾರೆ.

ಅತ್ತೆಯವರದು ಬೇರೆ ತಕರಾರು. ಕೊನೆಯ ಮೂಲೆ ಮುಚ್ಚುವ ಮುಂಚೆ ಕೌದಿಯ ಹೊಟ್ಟೆಗೆ ಚೂರು ತಿನಿಸು ಇಡುವುದು ನಮ್ಮ ಮನೆಯ ಪದ್ಧತಿ. ಕೌದಿ ಹಸಿದಿರಬಾರದು. ಕಳೆದ ಪಂಚಮಿಗೆ ನಾನು “ಇವತ್ತು ಮೂಲೆ ಮುಚ್ಚೇ ಮುಚ್ಚತೀನಿ” ಎಂದು ಸಾರಿದ್ದಕ್ಕೆ ಪಾಪ, ಹೋಳಿಗೆಯನ್ನೇ ಮಾಡಿದರು. ಸಂಜೆಯ ಹೊತ್ತಿಗೆ ಹೋಳಿಗೆ ಮುಗಿದಿತ್ತು. “ಕೌದಿ ಉಪಾಸ ಬಿತ್ತು, ಸೊಸಿ ಹೊಟ್ಟಿ ತುಂಬಿತು” ಎಂದರು. ಕೊನೆಯ ಹೋಳಿಗೆಯನ್ನು ತಿಂದವರು ಅವರ ಮಗ ಎಂಬುದು ಚರ್ಚೆಗೆ ಬರಲೇ ಇಲ್ಲ.

ಹಾಗೆಂದು ಹೊಸ ಯೋಜನೆಗಳೇನೂ ನಿಂತಿಲ್ಲ. ತಮ್ಮನ ಮಗಳು ಹುಟ್ಟಿದಾಗ ತೊಟ್ಟಿಲಿಗೊಂದು ಕೂಸಿನ ಕೌದಿ ಹಿಡಿದಿದ್ದೆ. ಅಂಗೈಯಗಲದ ಕೆಲಸ, ಬಾಣಂತನದೊಳಗೆ ಮುಗಿಯಬೇಕಿತ್ತು. ಮೊನ್ನೆ ಆಕೆ ಶಾಲೆಯ ಚೀಲ ಬಿಸಾಡಿ ಬಂದವಳು ನನ್ನ ತೊಡೆಯ ಮೇಲಿನ ಬಟ್ಟೆ ನೋಡಿ, “ಅತ್ತಿ, ಇದು ನನ್ನ ಗೊಂಬಿಗೇನು?” ಎಂದಳು.

ಹೌದೆಂದು ಹೇಳಿ, ಗೊಂಬೆಯ ಅಳತೆ ತೆಗೆದುಕೊಂಡೆ. ಸ್ವಲ್ಪ ಕತ್ತರಿಸಬೇಕಾಗುತ್ತದೆ. ದಸರೆಯೊಳಗೆ ಮುಗಿಯುತ್ತದೆ.