ಕಸದ ಬಗ್ಗೆ ನನ್ನ ಖಚಿತ ನಿಲುವು

ನಮ್ಮ ಬಡಾವಣೆಯ ಸಂಘದಲ್ಲಿ ನನಗೆ ಯಾವ ಹುದ್ದೆಯೂ ಇಲ್ಲ. ಆದರೆ ಅರ್ಜಿ ಗೀಚುವ ಪ್ರಸಂಗ ಬಂದಾಗ ಮಾತ್ರ "ಅವರಿಗೆ ಹೇಳಿ, ಹೇಗೂ ಬೇರೆ ಕೆಲಸವಿಲ್ಲ" ಎಂದು ಎಲ್ಲರೂ ಒಮ್ಮತದಿಂದ ನನ್ನನ್ನು ಆರಿಸುತ್ತಾರೆ. 2025ರ ಏಪ್ರಿಲ್‌ನಿಂದ ಬೆಂಗಳೂರಿನ ಆಸ್ತಿ ತೆರಿಗೆಗೆ ಕಸದ ಬಳಕೆದಾರರ ಶುಲ್ಕವೂ ಅಂಟಿಕೊಂಡಿತಲ್ಲ, ಅದು ಸರಿಯೋ ತಪ್ಪೋ ಎಂದು ತೆರಿಗೆ ಕಟ್ಟಿ ಆರು ತಿಂಗಳಾದ ಮೇಲೆ ಸಂಘಕ್ಕೆ ಎಚ್ಚರವಾಯಿತು. ಅಧ್ಯಯನ ಮಾಡಿ ಮುಂದಿನ ಭಾನುವಾರ ನಿಲುವು ತಿಳಿಸುವ ಭಾರ ನನ್ನ ಹೆಗಲೇರಿತು.

"ಇನ್ನು ಒಂದು ವಾರ ನನ್ನನ್ನು ಯಾರೂ ಮಾತನಾಡಿಸಬೇಡಿ. ಕಸದ ಬಗ್ಗೆ ಅಧ್ಯಯನ ಇದೆ" ಎಂದು ಮನೆಯಲ್ಲಿ ಘೋಷಿಸಿದೆ.

"ಧಾರಾಳವಾಗಿ ಮಾಡ್ರೀ. ಹಾಗೇ ಆ ಡಬ್ಬ ಕೆಳಗಿಟ್ಟು ಬನ್ನಿ" ಎಂದಳು ಹೆಂಡತಿ.

ಕಸದ ಬಗ್ಗೆ ಚಿಂತಿಸುವವನ ಕೈಗೇ ಕಸ ಕೊಡುವುದು ಎಂಥ ನ್ಯಾಯ? ಕೇಳಿಸದವನಂತೆ ಊಟದ ಮೇಜಿನ ತುಂಬ ಕಾಗದ ಹರಡಿದೆ. ಮನೆಮಂದಿಯ ಊಟ ನೆಲಕ್ಕಿಳಿಯಿತು. "ಈ ವಯಸ್ಸಲ್ಲಿ ಯಾವ ಪರೀಕ್ಷೆ ಕಟ್ಟಿದೀಯೋ?" ಎಂದು ಅಮ್ಮ ಕನಿಕರದಿಂದ ಕೇಳಿದರು.

ಮೊದಲ ದಿನವೇ ನಾನು ಶುಲ್ಕದ ಕಡುವಿರೋಧಿಯಾದೆ. 600 ಚದರಡಿಯೊಳಗಿನ ಮನೆಗೆ ತಿಂಗಳಿಗೆ 10 ರೂಪಾಯಿ, 4,000 ಚದರಡಿ ದಾಟಿದರೆ 400. ಅಂದರೆ ಕಸವನ್ನು ತೂಗುವುದಿಲ್ಲ, ಮನೆಯನ್ನು ಅಳೆಯುತ್ತಾರೆ. "ಕಸ ಹಾಕೋದು ಗೋಡೆಯೋ, ಮನುಷ್ಯರೋ?" ಎಂದು ಅಮ್ಮ ಕೇಳಿದ್ದನ್ನು ನನ್ನದೇ ವಾದವೆಂದು ಬರೆದುಕೊಂಡೆ. ಇಷ್ಟರ ಮೇಲೆ ತೆರಿಗೆಯ ಜೊತೆ ಕಸದ ಸೆಸ್ ಬೇರೆ ಮೊದಲಿನಿಂದಲೂ ಇದೆ. ಒಂದೇ ಕಸಕ್ಕೆ ಎರಡೆರಡು ಸಲ ದುಡ್ಡೇ?

ಮರುದಿನ ಬೆಂಗಳೂರಿನ ಕಸ ಸುರಿಯುತ್ತಿದ್ದ ಮಾವಳ್ಳಿಪುರ, ಮಂಡೂರುಗಳ ಕಥೆ ಓದಿದೆ. ನಮ್ಮ ಕಸವನ್ನು ವರ್ಷಗಟ್ಟಲೆ ಸಹಿಸಿದ ಮಾವಳ್ಳಿಪುರದವರು 2012ರಲ್ಲಿ ತಿರುಗಿಬಿದ್ದರು. ಲಾರಿಗಳು ನಿಂತವು, ನಗರದ ಬೀದಿ ನಾರಿತು. ಭಾರವೆಲ್ಲ ಮಂಡೂರಿಗೆ ಹೋಯಿತು. ಅವರೂ ಹೋರಾಡಿ ಹೋರಾಡಿ 2014ರ ಕೊನೆಗೆ ಬಿಡುಗಡೆ ಪಡೆದರು. ನಾವು ತಿಂದ ಹಲಸಿನ ಹಣ್ಣಿನ ಸಿಪ್ಪೆ ಅವರ ಬಾವಿಯ ನೀರು ಕೆಡಿಸಿದ್ದನ್ನು ನೆನೆದು ಶುಲ್ಕದ ಕಟ್ಟಾ ಬೆಂಬಲಿಗನಾದೆ. ಸಂಜೆ ತೆರಿಗೆ ರಸೀದಿ ಕಣ್ಣಿಗೆ ಬಿದ್ದು ಮತ್ತೆ ವಿರೋಧಿಯಾದೆ.

"ರಾತ್ರಿಗೆ ಅನ್ನವೋ ಚಪಾತಿಯೋ, ಅದಕ್ಕಾದರೂ ಒಂದು ನಿಲುವು ಹೇಳಿ" ಎಂದಳು ಹೆಂಡತಿ.

ಅರ್ಜಿ ಯಾರಿಗೆ ಬರೆಯುವುದು ಎಂಬುದು ಇನ್ನೊಂದು ಪೀಕಲಾಟ. ಕಾರ್ಪೊರೇಟರ್‌ಗೆ ಬರೆಯೋಣವೆಂದರೆ ಅವರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು, ಆಮೇಲೆ ಚುನಾವಣೆ ನಡೆದಿರಲಿಲ್ಲ. ಬಿಬಿಎಂಪಿಗೆ ಬರೆಯೋಣವೆಂದರೆ 2025ರ ಸೆಪ್ಟೆಂಬರ್‌ನಲ್ಲಿ ಅದೇ ಹೋಗಿ ಐದು ಪಾಲಿಕೆಗಳಾಗಿವೆ. "ಮಾನ್ಯರೇ" ಎಂದಷ್ಟೇ ಬರೆದು ಮೇಲೆ ಜಾಗ ಬಿಟ್ಟೆ.

ಅಷ್ಟರಲ್ಲಿ ಬೀದಿಗೆ ಕಸ ಎಸೆದವರ ಬಾಗಿಲಿಗೇ ಕಸ ಸುರಿದು ದಂಡ ಹಾಕುವ 'ಕಸ ಸುರಿಯುವ ಹಬ್ಬ' ಶುರುವಾದ ಸುದ್ದಿ ಬಂತು. "ದೀಪಾವಳಿ ಮೊನ್ನೆ ತಾನೇ ಆಯ್ತಲ್ಲೋ, ಇದಕ್ಕೂ ಎಣ್ಣೆ ನೀರು ಹಾಕ್ಕೋಬೇಕಾ?" ಎಂದರು ಅಮ್ಮ.

ನಾನು ಕಂಠ ಸರಿಪಡಿಸಿಕೊಂಡು ಉಪನ್ಯಾಸಕ್ಕೆ ನಿಂತೆ: "2015ರಲ್ಲೇ ಹೈಕೋರ್ಟ್ ಹೇಳಿದೆ. ಪ್ರತಿ ಮನೆಗೂ ಎರಡು ಬುಟ್ಟಿ, ಒಂದು ಚೀಲ. ಹಸಿ ಕಸ ಹಸಿರು ಬುಟ್ಟಿಗೆ, ಶೌಚದ ಕಸ ಕೆಂಪಿಗೆ, ಒಣ ಕಸ ಚೀಲಕ್ಕೆ!"

"ನಮ್ಮನೇಲಿ ಹಸಿರು ಬುಟ್ಟಿ ಯಾವುದು, ತೋರಿಸಿ ನೋಡೋಣ" ಎಂದಳು ಹೆಂಡತಿ.

ಅಡುಗೆಮನೆಗೆ ನುಗ್ಗಿ ಹಸಿರು ಡಬ್ಬವೊಂದನ್ನು ಹೆಮ್ಮೆಯಿಂದ ತೋರಿಸಿದೆ. ಅದು ರಾಗಿ ಹಿಟ್ಟಿನ ಡಬ್ಬ.

ಅವಳು ಏನೂ ಹೇಳದೆ ಹಾಲಿನ ಪ್ಯಾಕೆಟ್ ತೆಗೆದುಕೊಂಡಳು. ಮೂಲೆ ಪೂರ್ತಿ ತುಂಡಾಗದಂತೆ ಕತ್ತರಿಸಿ, ಹಾಲು ಬಗ್ಗಿಸಿ, ಒಳಗೆ ನೀರಾಡಿಸಿ, ಆ ನೀರನ್ನೂ ಹಾಲಿಗೇ ಸೇರಿಸಿ, ಕವರನ್ನು ಕಿಟಕಿಯ ಸರಳಿಗೆ ಕ್ಲಿಪ್ಪು ಹಾಕಿ ನೇತುಹಾಕಿದಳು. ಕತ್ತರಿಸಿದ ಚೂರು ಬೇರೆಯಾದರೆ ಆಯುವವರ ಕೈಗೆ ಸಿಗುವುದಿಲ್ಲವಂತೆ. ನನ್ನ ಕಾಗದಗಳ ಗುಡ್ಡೆಯಲ್ಲಿ ಈ ಮಾತು ಎಲ್ಲೂ ಇರಲಿಲ್ಲ.

ಛಲ ಬಂತು. ಮರುದಿನ ಬೆಳಿಗ್ಗೆ ಆಟೋ ಟಿಪ್ಪರ್‌ನ ಹಾಡು ಕೇಳಿದ್ದೇ ತಡ, ನಾನೇ ಕಸ ಒಟ್ಟುಮಾಡಿಕೊಂಡು ಇಳಿದೆ. ಪೌರಕಾರ್ಮಿಕ ಮಹಿಳೆ ಬುಟ್ಟಿಯೊಳಗೆ ಒಮ್ಮೆ ಇಣುಕಿದರು. ಬಾಳೆಸಿಪ್ಪೆ, ಬ್ಯಾಟರಿ, ಚಹಾ ಚರಟ, ಬಿಸ್ಕತ್ತಿನ ಕಾಗದ ಎಲ್ಲ ಸರ್ವಧರ್ಮ ಸಮನ್ವಯದಲ್ಲಿದ್ದವು.

"ಯಾಕ್ ಸಾರ್, ಅಕ್ಕ ಊರಲ್ಲಿ ಇಲ್ವಾ?" ಎಂದರು.

ಭಾನುವಾರದ ಸಭೆಯಲ್ಲಿ ಶುಲ್ಕವನ್ನು ಮನೆಯ ಅಳತೆಗಲ್ಲ, ಕಸದ ಅಳತೆಗೆ ಹಾಕಬೇಕು, ವಿಂಗಡಿಸಿ ಕೊಡುವವರಿಗೆ ರಿಯಾಯಿತಿ ಬೇಕು, ಸೆಸ್ಸೋ ಶುಲ್ಕವೋ ಒಂದೇ ಇರಲಿ ಎಂದು ಮಂಡಿಸಿದೆ. ಚಪ್ಪಾಳೆ ಬಿತ್ತು. ಯಾರೋ ಎದ್ದು "ಅಲ್ಲಿಯವರೆಗೆ ನಾವೇನು ಮಾಡೋಣ?" ಎಂದಾಗ ನಾನು ಹೆಂಡತಿಯ ಮುಖ ನೋಡಿದೆ. ಅವಳು ಎದ್ದು ಹೇಳಿದ್ದನ್ನೇ ಸಂಘ ನಿರ್ಣಯವಾಗಿ ಅಂಗೀಕರಿಸಿತು. ನಿಮಗೂ ಅದನ್ನೇ ಹೇಳುತ್ತೇನೆ: ಅರ್ಜಿ ಬೇಕಾದಷ್ಟು ಬರೆಯಿರಿ, ಆದರೆ ಮೊದಲು ಹಾಲಿನ ಪ್ಯಾಕೆಟ್ ತೊಳೆದಿಡಿ.