ಬಿಸಿಲೂರಿನ ಸ್ವೆಟರ್

ನಂಜನಗೂಡಿನಲ್ಲಿ ಕೂತು ಉಲ್ಲನ್ ಸ್ವೆಟರ್ ಹೆಣೆಯುವುದೂ ಆಗುಂಬೆಯ ಮಳೆಯಲ್ಲಿ ಹಪ್ಪಳ ಒಣಗಿಸುವುದೂ ಒಂದೇ ಜಾತಿಯ ಉದ್ಯೋಗ ಎಂದು ನಗುವವರಿದ್ದಾರೆ. ಹೆಣಿಗೆಯವರ ಪರ ವಕಾಲತ್ತು ವಹಿಸಿರುವ ನಾನು ಕೊಂಚ ನಾಚಿಕೆಯಿಂದಲೇ ಇದನ್ನು ಒಪ್ಪುತ್ತೇನೆ. ಧನುರ್ಮಾಸದ ನಸುಕಿನಲ್ಲಿ ಕಪಿಲೆಯ ಸ್ನಾನಘಟ್ಟದಲ್ಲಿ ನಾಲ್ಕು ದಿನ ಹಲ್ಲು ಕಟಕಟಿಸಿದರೆ ಅದೇ ನಮ್ಮ ಚಳಿಗಾಲ. ಬಿಸಿಲೇರಿತೆಂದರೆ ಮಂಕಿ ಕ್ಯಾಪಿಗೇ ಬೆವರು. ನನ್ನ ವಾದ ಶುರುವಾಗುವುದೇ ಇಲ್ಲಿಂದ. ಚಳಿಯೂರಿನವರು ಹೆಣೆದದ್ದನ್ನು ತಾವೇ ತೊಟ್ಟು, ಬಾಗಿಲು ಹಾಕಿ ಬೆಚ್ಚಗೆ ಕೂರುತ್ತಾರೆ. ಬಿಸಿಲೂರಿನವರು ಮಾತ್ರ ತೊಡುವವರನ್ನು ಹುಡುಕಿಕೊಂಡು ಹೊರಡಬೇಕು: ಊಟಿಯಲ್ಲಿ ಕೆಲಸಕ್ಕಿರುವ ಸೋದರಳಿಯ, ಎದುರುಮನೆಯ ಉಬ್ಬಸದ ಮೇಷ್ಟ್ರು, ಅಮೆರಿಕದಲ್ಲಿ ಹುಟ್ಟಲಿರುವ ಮೊಮ್ಮಗು. ಮಾತು ಬಿಟ್ಟಿದ್ದ ನಾದಿನಿಯ ತೋಳಿನ ಅಳತೆ ಬೇಕೆಂದರೆ ಫೋನ್ ಮಾಡದೆ ಗತಿಯಿಲ್ಲ.

ಕನ್ನಡಕ್ಕೆ ಮೊದಲಿಂದಲೂ ಮಗ್ಗದ ಮೇಲೇ ಅಕ್ಕರೆ. ನೇಯುವವರಲ್ಲಿ ಜೇಡರ ದಾಸಿಮಯ್ಯನಂಥ ವಚನಕಾರ ಹುಟ್ಟಿದ. 'ಹಾಸುಹೊಕ್ಕು' ನಮ್ಮ ದಿನದ ಮಾತಾಯಿತು. ಹೆಣಿಗೆಗೆ ಆ ಭಾಗ್ಯವಿಲ್ಲ. ಆದರೆ ಹಾಸು, ಹೊಕ್ಕು ಎರಡೂ ಬಿಗಿದುಕೊಂಡಿರುವ ಬಟ್ಟೆಗೆ ಇಲ್ಲದ ಗುಣವೊಂದು ಇದಕ್ಕಿದೆ. ಇಲ್ಲಿರುವುದು ಒಂದೇ ಎಳೆ, ಕುಣಿಕೆಯೊಳಗೆ ಕುಣಿಕೆ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಒಂದು ಕುಣಿಕೆ ಜಾರಿದರೆ ಕೆಳಗಿನವೂ ಸಾಲಾಗಿ ಜಾರುತ್ತವೆ. ಆಗ ಮೂರು ದಿನದ ಅಹಂಕಾರವನ್ನು ಬಿಚ್ಚಿ ಮತ್ತೆ ಉಂಡೆ ಸುತ್ತಬೇಕು. ತಪ್ಪನ್ನು ಬಿಚ್ಚಿ ಅದೇ ಎಳೆಯಿಂದ ತಿದ್ದುವ ಈ ವಿದ್ಯೆ ನಾಲಗೆಗೂ ಬಂದಿದ್ದರೆ ಎಷ್ಟೋ ಮನೆ ಉಳಿಯುತ್ತಿದ್ದವು. ಹೆಣಿಗೆಯ ಇನ್ನೊಂದು ಗುಟ್ಟಿಗೆ ತಿರುಮಕೂಡಲಿನ ತ್ರಿವೇಣಿ ಸಂಗಮ ನೋಡಿ: ಅಲ್ಲಿ ಕಣ್ಣಿಗೆ ಕಾಣುವುದು ಕಾವೇರಿ, ಕಪಿಲೆ ಎರಡೇ. ಮೂರನೆಯ ಸ್ಫಟಿಕ ಸರೋವರ ಗುಪ್ತ ಎಂದು ನಂಬಿಕೆ. ಆ ನಂಬಿಕೆಯ ಬಲದಲ್ಲಿ 1989ರಿಂದ ಅಲ್ಲಿ ಕುಂಭಮೇಳವೂ ನಡೆಯುತ್ತಿದೆ. ಹೆಣಿಗೆಯಲ್ಲೂ ಕಾಣುವ ಕಡ್ಡಿ ಎರಡೇ, ತೊಡುವವರು ಗುಪ್ತಗಾಮಿನಿ.

ಈ ಗುಪ್ತಗಾಮಿನಿ ಪ್ರತ್ಯಕ್ಷವಾಗುವುದು ಸ್ವೆಟರ್ ತೊಡಿಸುವಾಗ. ಹೆಣೆಯುವವರ ಲೆಕ್ಕದಲ್ಲಿ ಲೋಕದ ತಲೆಗಳೆಲ್ಲ ಇರುವುದಕ್ಕಿಂತ ಸಣ್ಣವು. ತೊಡುವವರು ಸೌಜನ್ಯದಿಂದ ತಲೆ ತೂರಿಸುತ್ತಾರೆ. ಸ್ವೆಟರ್ ಹಣೆ ದಾಟಿ ಮೂಗಿನ ಮೇಲೆ ನಿಲ್ಲುತ್ತದೆ. 'ತುಂಬಾ ಚೆನ್ನಾಗಿದೆ ಅತ್ತೆ' ಎಂಬ ದನಿ ಬಾವಿಯೊಳಗಿಂದ ಬಂದಂತೆ ಕೇಳುತ್ತದೆ; ಎರಡು ಕೈಗಳು ತೋಳಿನ ಬಾಯಿ ಹುಡುಕುತ್ತ ಗಾಳಿಯಲ್ಲಿ ಈಜುತ್ತವೆ. ಆಮೇಲಿನದು ಸಾಕ್ಷಾತ್ ನಮ್ಮೂರ ಶ್ರೀಕಂಠೇಶ್ವರನ ಪಂಚ ಮಹಾರಥೋತ್ಸವ. ಬಲತೋಳಿಗೆ ಮಾವ, ಎಡತೋಳಿಗೆ ಮಗಳು, ಹಿಂದಿನಿಂದ ಸನ್ನೆಗೋಲಿನಂತೆ ಅಜ್ಜಿಯ ಮೊಣಕೈ. ಗೌತಮ ರಥ ತಿರುವಿನಲ್ಲಿ ಮೊಂಡು ಹಿಡಿದಂತೆ ಸ್ವೆಟರ್ ಕಿವಿಯ ಬಳಿ ನಿಲ್ಲುತ್ತದೆ. ಅಲುಗುತ್ತದೆ. ಮತ್ತೆ ನಿಲ್ಲುತ್ತದೆ. ಕಡೆಗೆ ಕಿತ್ತು ಬಂದಾಗ ಕನ್ನಡಕ ಸೋಫಾದಡಿ, ಮೂರು ತಲೆಮಾರು ನೆಲದ ಮೇಲೆ, ಎಲ್ಲರಿಗೂ ಒಟ್ಟಿಗೇ ನಗು. ಅಂಗಡಿಯ ಸ್ವೆಟರ್ ಯಾವ ಮನೆಯಲ್ಲಿ ಇಂಥ ಜಾತ್ರೆ ಮಾಡಿಸಿದೆ?

ಅಗ್ಗಕ್ಕೆ ಸಿಗುವಾಗ ಇಷ್ಟೆಲ್ಲ ಏಕೆ ಎನ್ನುವವರಿಗೆ ನಮ್ಮದೇ ಜಿಲ್ಲೆಯ ಬೈಲಕುಪ್ಪೆ ನೆನಪಾಗುತ್ತದೆ. ಚಳಿಗಾಲದಲ್ಲಿ ಅಲ್ಲಿನ ಟಿಬೆಟನ್ನರು ಊರೂರಲ್ಲಿ ಹರಡುವ ಸ್ವೆಟರುಗಳಲ್ಲೂ ಎಷ್ಟೋ ಲೂಧಿಯಾನದ ಯಂತ್ರದವು. ಕೊಳ್ಳಿ, ಅವರ ಹೊಟ್ಟೆಪಾಡು ನಡೆಯಲಿ. ಆದರೆ ಹೆಣೆಯುವವರ ಮುಂದೆ ನಿಂತು 'ಎಷ್ಟಕ್ಕೆ ಮಾರ್ತೀರಾ?' ಎನ್ನಬೇಡಿ. ಮೊಮ್ಮಗುವನ್ನು ಎತ್ತಿ ಆಡಿಸಿದ್ದಕ್ಕೆ ಗಂಟೆಗೆ ಎಷ್ಟು ಎಂದು ಯಾರಾದರೂ ಕೇಳುತ್ತಾರೆಯೇ?

ಇನ್ನೊಂದು ಆಕ್ಷೇಪಕ್ಕೆ ನಗುತ್ತ ಉತ್ತರಿಸಲಾಗದು: ನೂಲು ನಿಜಕ್ಕೂ ಜನರನ್ನು ಕೂಡಿಸುತ್ತದೆಯೇ? ನಂಜನಗೂಡು ತಾಲ್ಲೂಕಿನ ಬದನವಾಳಿನ ಖಾದಿ ಕೇಂದ್ರಕ್ಕೆ 1927ರಲ್ಲಿ ಗಾಂಧೀಜಿ ಬಂದಿದ್ದರು. 2015ರಲ್ಲಿ ರಂಗಕರ್ಮಿ ಪ್ರಸನ್ನ ಸತ್ಯಾಗ್ರಹ ಕೂತದ್ದೂ ಅಲ್ಲೇ. ಇವೆರಡರ ನಡುವೆ, 1993ರಲ್ಲಿ, ಅದೇ ಊರಿನಲ್ಲಿ ಜಾತಿಯ ದ್ವೇಷಕ್ಕೆ ಮೂವರು ದಲಿತರ ಕೊಲೆಯಾಯಿತು. ನೂಲು ತಾನಾಗಿ ಯಾರನ್ನೂ ಕೂಡಿಸುವುದಿಲ್ಲ. ಇನ್ನೊಬ್ಬರ ಮೈಯ ಅಳತೆ ಕೇಳಿಕೊಂಡು ಅವರ ಮನೆಯ ಮೆಟ್ಟಿಲು ಹತ್ತಿದರೆ ಮಾತ್ರ ಅದಕ್ಕೆ ಆ ಶಕ್ತಿ. ಆದ್ದರಿಂದ ಹೆಣೆಯುವವರೇ, ಮುಂದಿನ ಸ್ವೆಟರಿನ ಅಳತೆಯನ್ನು ನಿಮ್ಮ ಬೀದಿಯಾಚೆಯಿಂದ ತನ್ನಿ. ಕುತ್ತಿಗೆ ಮಾತ್ರ ಎರಡಂಗುಲ ಅಗಲವಿರಲಿ.