ಸಣ್ಣ ಹಡಗಿನ ದೊಡ್ಡ ಮನುಷ್ಯರು

ಬೆಂಗಳೂರಿನ ಮಲ್ಲೇಶ್ವರ, ಜಯನಗರಗಳ ಬೆಳಗಿನ ವಾಕಿಂಗ್ ಗುಂಪುಗಳಲ್ಲಿ ಈಚೆಗೆ ಹೊಸ ಬಗೆಯ ಪ್ರವಾಸಿಯೊಬ್ಬರು ಕಾಣಿಸಿಕೊಂಡಿದ್ದಾರೆ. "ಕಾಶಿ ಕಡೆ ಹೋಗಿದ್ರಂತೆ?" ಎಂದು ಕೇಳಿದರೆ ಇವರ ಮುಖ ಹುಳ್ಳಗಾಗುತ್ತದೆ. "ಕಾಶಿಗಲ್ಲ, ಗಂಗೆಗೆ" ಎಂದು ತಿದ್ದುತ್ತಾರೆ. "ಟೂರ್ ಚೆನ್ನಾಗಿತ್ತಾ?" ಎಂದರಂತೂ ಮುಗಿದೇಹೋಯಿತು. ಇವರು ಮಾಡಿದ್ದು ಟೂರ್ ಅಲ್ಲ, ರಿವರ್ ಕ್ರೂಸ್. ಅದೂ ಸಾವಿರಾರು ಜನರನ್ನು ತುಂಬಿಕೊಂಡು ಸಮುದ್ರದಲ್ಲಿ ತೇಲುವ ಬಹುಮಹಡಿ ಹಡಗಲ್ಲ, ಇಪ್ಪತ್ತು ಚಿಲ್ಲರೆ ಕೋಣೆಗಳ ಪುಟ್ಟ ಹಡಗು. 'ಪುಟ್ಟ' ಎನ್ನುವಾಗ ದನಿ ತಾನಾಗಿ ತಗ್ಗುತ್ತದೆ, ಮೂರಂತಸ್ತಿನ ಮನೆ ಕಟ್ಟಿಸಿದವರು "ನಮ್ಮದೊಂದು ಸಣ್ಣ ಗೂಡು" ಎನ್ನುವ ಹಾಗೆ. ಹೋಗಲಿ, ದುಡಿದ ದುಡ್ಡು, ಖರ್ಚು ಮಾಡಲಿ. ನನ್ನ ತಕರಾರು ಅದಕ್ಕಲ್ಲ. ಕಾಶಿ-ಗಯಾ-ಪ್ರಯಾಗ ಎಂದು ಬಸ್ಸಿನಲ್ಲಿ ಹೋಗುವ ಯಾತ್ರಿಕರನ್ನು ಕಂಡು ಇವರು ಮೂಗು ಮುರಿಯುತ್ತಾರಲ್ಲ, ತಕರಾರು ಅಲ್ಲಿದೆ. ಏಕೆಂದರೆ ಇವರೂ ಅದೇ ಬಸ್ಸಿನವರೇ. ಟಿಕೆಟ್ ದುಬಾರಿ, ಕೆಳಗೆ ನೀರಿದೆ, ಅಷ್ಟೆ.

ಸಂಶಯವಿದ್ದವರು ಇವರ ಸೂಟ್‌ಕೇಸ್ ಬಿಚ್ಚಿ ನೋಡಬಹುದು. ಮೇಲುಗಡೆ ಎಂಟು ಜೇಬಿನ ಖಾಕಿ ಜಾಕೆಟ್ಟು, ಗದ್ದಕ್ಕೆ ದಾರ ಕಟ್ಟುವ ಅಗಲ ಟೋಪಿ, ದುರ್ಬೀನು, ಬಂಗಾಳದ ಹಕ್ಕಿಗಳ ಸಚಿತ್ರ ಕೈಪಿಡಿ. ಇವುಗಳ ಅಡಿಯಲ್ಲಿ, ಒಗೆದ ಪಂಚೆಯೊಳಗೆ ಸುತ್ತಿಟ್ಟ ಎರಡು ಡಬ್ಬಿ: ಒಂದರಲ್ಲಿ ಕೋಡುಬಳೆ, ಇನ್ನೊಂದರಲ್ಲಿ ಚಟ್ನಿಪುಡಿ. ಬಸ್ಸಿನ ಯಾತ್ರಿಕರದ್ದು ಇದೇ ಡಬ್ಬಿ. ಅವರು ಎಲ್ಲರಿಗೂ ಹಂಚಿ ತಿನ್ನುತ್ತಾರೆ, ಇವರು ಕೋಣೆಯ ಚಿಲಕ ಹಾಕಿಕೊಂಡು ತಿನ್ನುತ್ತಾರೆ. ಊಟದ ಮನೆಯಲ್ಲಿ ಮಾತ್ರ ಸಾಸಿವೆ ಅರೆದು ಹಾಕಿದ ಪಲ್ಯವನ್ನು "ಎಂಥ ಅಥೆಂಟಿಕ್!" ಎಂದು ಹೊಗಳಬೇಕಲ್ಲ. ಇನ್ನು ದಡಕ್ಕಿಳಿದರೆ ಮುಂದೆ ಗೈಡು, ಹಿಂದೆ ಸಾಲು. ಹೂಗ್ಲಿ ದಂಡೆಯ ಕಾಲ್ನಾದಲ್ಲಿ 1809ರಲ್ಲಿ ಕಟ್ಟಿದ 108 ಶಿವಾಲಯಗಳಿವೆ. ಹೊರಸುತ್ತಿನಲ್ಲಿ 74, ಒಳಸುತ್ತಿನಲ್ಲಿ 34. ಹೊರಗೆ ಕಪ್ಪು ಲಿಂಗ, ಬಿಳಿ ಲಿಂಗ ಒಂದು ಬಿಟ್ಟು ಒಂದು, ಒಳಗೆ ಎಲ್ಲವೂ ಬಿಳಿ. ಯಾತ್ರಿಕ ಅಜ್ಜಿ ಪ್ರತಿ ಬಾಗಿಲಲ್ಲೂ ಕೈಮುಗಿದು ಲೆಕ್ಕ ತಪ್ಪಿಸಿಕೊಳ್ಳುತ್ತಾಳೆ. ಸಂಸ್ಕೃತಿಪ್ರಿಯರು ಪ್ರತಿ ಬಾಗಿಲಲ್ಲೂ ಫೋಟೊ ತೆಗೆದು ಲೆಕ್ಕ ತಪ್ಪಿಸಿಕೊಳ್ಳುತ್ತಾರೆ. ಮುರ್ಷಿದಾಬಾದಿನ ಹಜಾರ್‌ದುವಾರಿ ಅರಮನೆಗೆ ಸಾವಿರ ಬಾಗಿಲು, ಅದರಲ್ಲಿ ನೂರು ಸುಳ್ಳು ಬಾಗಿಲು. ಬಂಗಾಳದ ನವಾಬರ ಕಥೆಯಲ್ಲಿ ಊರಿಗೆ ಬಂದ ಮೇಲೂ ಇವರ ನೆನಪಿನಲ್ಲಿ ಉಳಿಯುವುದು ಆ ನೂರು ಸುಳ್ಳು ಬಾಗಿಲು ಮಾತ್ರ.

ಪ್ರಕೃತಿಯ ವಿಷಯಕ್ಕೆ ಬಂದರೆ ವಾದ ಇನ್ನೂ ಗಟ್ಟಿಯಾಗುತ್ತದೆ. ಇವರು ಮುಖ್ಯವಾಗಿ ಬಂದಿರುವುದೇ ಗಂಗೆಯ ಡಾಲ್ಫಿನ್ ನೋಡಲು. 2009ರಲ್ಲಿ ರಾಷ್ಟ್ರೀಯ ಜಲಚರ ಎನಿಸಿಕೊಂಡ ಈ ಪ್ರಾಣಿಗೆ ಕಣ್ಣು ಕಾಣುವುದಿಲ್ಲವೆಂದೇ ಹೇಳಬೇಕು. ಸದ್ದು ಹೊರಡಿಸಿ, ಅದರ ಪ್ರತಿಧ್ವನಿ ಹಿಡಿದು ಕಲಕು ನೀರಿನಲ್ಲಿ ದಾರಿ, ಆಹಾರ ಹುಡುಕುತ್ತದೆ. ಕಿವಿಯನ್ನೇ ನಂಬಿ ಬದುಕುವ ಇಂಥ ಜೀವವನ್ನು ನೋಡಲು ಇವರು ಡೀಸೆಲ್ ಎಂಜಿನ್ನಿನ ಮೇಲೆ ಕೂತು ಬರುತ್ತಾರೆ. ಅದು ಉಸಿರಿಗಾಗಿ ಕ್ಷಣಮಾತ್ರ ಮೇಲೆ ಬಂದು ಮುಳುಗುತ್ತದೆ. "ಅಗೋ!" ಎಂದು ಯಾರೋ ಕೂಗಿ, ಇವರು ಕ್ಯಾಮೆರಾ ಎತ್ತಿ, ಚಿತ್ರ ಹೊಂದಿಸುವಷ್ಟರಲ್ಲಿ ಉಳಿದಿರುವುದು ಬರೀ ನೀರು. ಮನೆಗೆ ಬಂದವರಿಗೆ ಆಮೇಲೆ ತೋರಿಸುವ ಆಲ್ಬಮ್ಮಿನಲ್ಲಿ ಅಲೆಗಳ ಚಿತ್ರಗಳೇ ಚಿತ್ರಗಳು, ಪ್ರತಿಯೊಂದಕ್ಕೂ "ಇಲ್ಲೇ ಇತ್ತು, ಈಗ ತಾನೇ ಮುಳುಗಿತು" ಎಂಬ ವ್ಯಾಖ್ಯಾನ. ನೋಡುವವರೂ ಸಭ್ಯರಾದ್ದರಿಂದ ತಲೆದೂಗಿ ಕಾಫಿ ಕುಡಿದು ಏಳುತ್ತಾರೆ.

ಅದಿರಲಿ, ಪ್ರಕೃತಿ ತಾನೇ ಎದುರು ಬಂದು ನಿಂತಾಗ ಇವರೇನು ಮಾಡುತ್ತಾರೆ? ಗಂಗೆ ಹಿಮಾಲಯದ ಮಣ್ಣು ಹೊತ್ತು ತರುವ ನದಿ. ಹೋದ ವರ್ಷ ಹರಿದಲ್ಲಿ ಈ ವರ್ಷ ಮರಳು ದಿಬ್ಬವಿರುತ್ತದೆ. ಪ್ಲಾಸಿಯಲ್ಲಿ 1757ರ ಯುದ್ಧ ನಡೆದ ನೆಲದ ಬಹುಭಾಗವನ್ನು ಭಾಗೀರಥಿಯೇ ನುಂಗಿದ್ದಾಳೆ. 2023ರ ಜನವರಿ 13ರಂದು ವಾರಾಣಸಿಯಿಂದ ದಿಬ್ರುಗಢಕ್ಕೆ, 51 ದಿನಗಳ ಸುಮಾರು 3,200 ಕಿಲೋಮೀಟರ್ ಯಾನಕ್ಕೆ, 18 ಕೋಣೆಗಳ 'ಗಂಗಾ ವಿಲಾಸ' ಹೊರಟಿತಲ್ಲ, ಕೆಲವೇ ದಿನಗಳಲ್ಲಿ ಬಿಹಾರದ ಛಪ್ರಾ ಬಳಿ ಅದು ನದಿ ನಡುವೆ ನಿಂತಿತು. ನೀರು ಕಡಿಮೆಯಾಗಿ ಸಿಕ್ಕಿಕೊಂಡಿದೆ ಎಂದು ಪತ್ರಿಕೆಗಳು ಬರೆದವು. ಇಲ್ಲವೇ ಇಲ್ಲ ಎಂದು ಒಳನಾಡು ಜಲಮಾರ್ಗ ಪ್ರಾಧಿಕಾರ ಹೇಳಿತು. ಪ್ರವಾಸಿಗಳು ಸಣ್ಣ ದೋಣಿಗಳಲ್ಲಿ ಹೋಗಿ ಚಿರಾಂದದ ನವಶಿಲಾಯುಗದ ನೆಲೆ ನೋಡಿ ಬಂದರು. ನದಿಯನ್ನು ನದಿಯಾಗಿ ನೋಡಲು ಇದಕ್ಕಿಂತ ಒಳ್ಳೆಯ ಅವಕಾಶ ಬೇಕೆ? ಆದರೆ ನಮ್ಮ ಮಹನೀಯರ ಹಡಗು ಚಳಿಗಾಲದ ಮಂಜಿನಲ್ಲಿ ಅರ್ಧ ದಿನ ನಿಂತರೆ ಸಾಕು, ಇವರು ಕಾರ್ಯಕ್ರಮಪಟ್ಟಿ ಕೈಯಲ್ಲಿ ಹಿಡಿದು ಮ್ಯಾನೇಜರನ್ನು ಹುಡುಕಿಕೊಂಡು ಹೊರಡುತ್ತಾರೆ. "ಹತ್ತು ಗಂಟೆಗೆ ಟೆರಾಕೋಟ ದೇವಾಲಯ ಅಂತ ಬರೆದಿದ್ದೀರಿ!" ಪ್ರಕೃತಿ ಬೇಕು, ಆದರೆ ಟೈಂಟೇಬಲ್ ಪ್ರಕಾರ ಬರಬೇಕು. ಬಸ್ಸು ಪಂಕ್ಚರ್ ಆದಾಗ ಯಾತ್ರಿಕರು ಬೇವಿನ ಮರದ ಕೆಳಗೆ ಕೂತು ಭಜನೆ ಶುರುಮಾಡುತ್ತಾರೆ. ತಾಳ್ಮೆಯ ಲೆಕ್ಕದಲ್ಲಿ ಅವರೇ ಮೇಲು.

ಇದಕ್ಕೆ ಇವರ ಉತ್ತರಗಳಿವೆ, ಕೆಲವು ನ್ಯಾಯವಾದವೂ ಹೌದು. ದೊಡ್ಡ ಹಡಗು, ಬಸ್ಸು ತಲುಪದ ಕಡೆಗೆ ಪುಟ್ಟ ಹಡಗು ತಲುಪುತ್ತದೆ ಎನ್ನುತ್ತಾರೆ. ಒಪ್ಪಿದೆ. ಹಿತ್ತಾಳೆ ಬಡಿಯುವ ಮಟಿಯಾರಿಯ ಓಣಿಗಾಗಲಿ, ರಾಣಿ ಭವಾನಿ ಕಟ್ಟಿಸಿದ ಬರಾನಗರದ ಸುಟ್ಟಮಣ್ಣಿನ ಗುಡಿಗಳಿಗಾಗಲಿ ನಮ್ಮ ಕಡೆಯ ಬಸ್ಸುಗಳು ಹೋಗುವುದಿಲ್ಲ. ಆ ಗುಡಿಗಳ ಗೋಡೆ ಮುಂದೆ ನಿಂತು ರಾಮ-ರಾವಣರ ಯುದ್ಧದ ಅಂಗೈಯಗಲದ ಶಿಲ್ಪ ನೋಡುವುದು ದೊಡ್ಡ ಭಾಗ್ಯವೇ. ಆದರೆ ಅಲ್ಲಿ ಇವರು ಹೇಳುವ ಮಾತು, "ನಮ್ಮ ಹಳೇಬೀಡಿನ ಮುಂದೆ ಇದೇನು ಬಿಡಿ." ಇಷ್ಟು ದೂರ ಬಂದು ಹಳೇಬೀಡನ್ನೇ ನೋಡುವುದಾದರೆ ಹಾಸನಕ್ಕೆ ಕೆಎಸ್‌ಆರ್‌ಟಿಸಿ ಇತ್ತಲ್ಲ! ಹಳ್ಳಿಯವರಿಗೆ ನಾಲ್ಕು ಕಾಸು ಸಿಗುತ್ತದೆ ಎಂಬುದು ಇನ್ನೊಂದು ವಾದ. ಸಿಗುತ್ತದೆ, ಅದೂ ಸ್ವಲ್ಪವೇ. ಊಟ, ನಿದ್ದೆ, ಬಟ್ಟೆ ಒಗೆಯುವುದು ಎಲ್ಲ ಹಡಗಿನಲ್ಲೇ ಆದ ಮೇಲೆ ದಡದಲ್ಲಿ ಖರ್ಚಾಗುವುದು ಒಂದು ಹಿತ್ತಾಳೆ ತಟ್ಟೆಯ ಬೆಲೆ, ಅದೂ ಅರ್ಧಕ್ಕೆ ಇಳಿಸಿದ ಮೇಲೆ. ಪರಿಸರಕ್ಕೆ ಹಗುರ ಎಂಬ ಮಾತಂತೂ ನನಗೆ ಅರ್ಥವಾಗಿಲ್ಲ. ಬಸ್ಸಿನಲ್ಲಿ ಒಂದು ಎಂಜಿನ್ನಿಗೆ ಐವತ್ತು ಜನ. ಇಲ್ಲಿ ಎಂಜಿನ್ನಿನ ಜೊತೆಗೆ ಎಸಿ, ಅಡುಗೆಮನೆ, ಬಿಸಿನೀರು, ಅಷ್ಟಕ್ಕೂ ನಲವತ್ತೋ ಐವತ್ತೋ ತಲೆ. ನಿಧಾನವಾಗಿ ಸಾಗುವುದರಿಂದ ನೋಟ ಆಳವಾಗುತ್ತದೆ ಎನ್ನುವುದು ಇವರ ಕೊನೆಯ ಮತ್ತು ಎಲ್ಲಕ್ಕಿಂತ ಚೆಂದದ ವಾದ. ನಿಧಾನ ಹಡಗಿನದು, ಮಧ್ಯಾಹ್ನದ ಊಟದ ನಂತರ ಡೆಕ್ಕಿನ ಬೆತ್ತದ ಕುರ್ಚಿಯಲ್ಲಿ ಇವರು ಬಾಯಿ ತೆರೆದು ಗೊರಕೆ ಹೊಡೆಯುವಾಗ ಆಳವಾಗುವುದು ನಿದ್ದೆ.

ಹೀಗೆ ನಿದ್ದೆಯಲ್ಲಿ ದಾಟಿಹೋಗುವ ಊರುಗಳಲ್ಲಿ ಎರಡಕ್ಕೆ ಕನ್ನಡಿಗರ ಋಣವಿದೆ. ಒಂದು ನವದ್ವೀಪ. ಅಲ್ಲಿಂದಲೂ ಬಂಗಾಳ ಆಳಿದ ಸೇನ ಅರಸರು ತಮ್ಮನ್ನು ಕರ್ಣಾಟ ಮೂಲದ ಕ್ಷತ್ರಿಯರೆಂದು ಶಾಸನದಲ್ಲಿ ಹೇಳಿಸಿಕೊಂಡವರು. ಇನ್ನೊಂದು, 1845ರವರೆಗೆ ಡೇನರ ಕೈಯಲ್ಲಿದ್ದ ಶ್ರೀರಾಂಪುರ. ವಿಲಿಯಂ ಕೇರಿ ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಇಲ್ಲಿ; ಕನ್ನಡ ಅಕ್ಷರಗಳನ್ನು ಅಚ್ಚಿನಲ್ಲಿ ಕಂಡ ಮೊದಮೊದಲ ಪುಸ್ತಕಗಳಲ್ಲಿ ಅದೂ ಒಂದು. ಹಳೇಬೀಡನ್ನು ಹೋದಲ್ಲೆಲ್ಲ ಹೊತ್ತು ತಿರುಗುವವರು ಇಲ್ಲಾದರೂ ಎಚ್ಚರವಿದ್ದರೆ ಚೆನ್ನ. ಹಡಗಿನ ಟಿಕೆಟ್ ಕೈಗೆಟುಕದ ಓದುಗರು ಬೇಸರ ಮಾಡಿಕೊಳ್ಳಬೇಕಿಲ್ಲ. ಕೋಲ್ಕತ್ತದಿಂದ ಲೋಕಲ್ ರೈಲಿನಲ್ಲಿ ಬ್ಯಾರಕ್‌ಪುರಕ್ಕೆ ಹೋದರೆ ಘಾಟಿನಿಂದ ಎದುರು ದಡದ ಶ್ರೀರಾಂಪುರಕ್ಕೆ ದೋಣಿ ಸಿಗುತ್ತದೆ. ತರಕಾರಿ ಬುಟ್ಟಿ, ಸೈಕಲ್ಲು, ಶಾಲೆ ಮಕ್ಕಳ ನಡುವೆ ನಿಂತು ಕೆಲವೇ ನಿಮಿಷಗಳಲ್ಲಿ ಗಂಗೆ ದಾಟಬಹುದು. ಟಿಕೆಟ್ಟಿಗೆ ಜೇಬಿನ ಚಿಲ್ಲರೆ ಸಾಕು.